ಬದುವಿಗೆ ಬಿದ್ದ 12 ಲಕ್ಷ ವರ್ಷಗಳ ಚರಿತ್ರೆ

ಹೊಲ ಹಸನು ಮಾಡುವಾಗ ನೇಗಿಲಿಗೆ ಅಡ್ಡ ಬಂದ ಕಲ್ಲನ್ನು ಎತ್ತಿ ಬದುವಿಗೆ ಎಸೆಯುವುದು ಬೇಸಾಯದ ವಾಡಿಕೆ. ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಸೀಮೆಯಲ್ಲಿಯೂ ರೈತರು ಮಾಡುವುದು ಅದನ್ನೇ. ಆದರೆ ಅಲ್ಲಿ ಬದು ಸೇರಿದ ಕಲ್ಲುಗಳಲ್ಲಿ ಕೆಲವು ಬರೀ ಕಲ್ಲುಗಳಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಯಾರೋ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮತ್ತೊಂದು ಕಲ್ಲಿನಿಂದ ಹೊಡೆದು ಅಂಚು ಮೂಡಿಸಿದ ಆಯುಧಗಳವು. ಕರ್ನಾಟಕದ ಚರಿತ್ರೆಯನ್ನು ಕದಂಬರಿಂದಲೋ ಅಶೋಕನ ಶಾಸನಗಳಿಂದಲೋ ಆರಂಭಿಸುವ ರೂಢಿ ಇರುವವರಿಗೆ ಈ ಹೊಲಗಳು ತೋರಿಸುವ ಕಾಲದ ಆಳ ದಿಗಿಲು ಹುಟ್ಟಿಸುವಂಥದ್ದು. ಅಶೋಕನಿಂದ ಇಂದಿನವರೆಗಿನ ಅವಧಿಯನ್ನು 500 ಬಾರಿ ಒಂದರ ಹಿಂದೊಂದು ಜೋಡಿಸಿದರೂ ಇಲ್ಲಿಯ ಅತಿ ಹಳೆಯ ಕಲ್ಲಿನ ವಯಸ್ಸನ್ನು ಮುಟ್ಟಲಾಗದು.

ಈ ಕಾಲದ ಕಥೆ ಇಂದು ಎರಡು ಕಡೆಗಳಿಂದ ಸವೆಯುತ್ತಿದೆ. ಒಂದು, ನೆಲದಿಂದ; ಇನ್ನೊಂದು, ಪಾಠದಿಂದ. ವಿಪರ್ಯಾಸವೆಂದರೆ, ಮಾನವನ ಮೂಲದ ಬಗ್ಗೆ ವಿಜ್ಞಾನಕ್ಕೆ ಹಿಂದೆಂದೂ ಇಲ್ಲದಷ್ಟು ಹೊಸ ಸಾಧನಗಳು ಕೈಗೆ ಬಂದಿರುವ ಕಾಲವೂ ಇದೇ.

ಪಠ್ಯದಿಂದ ಹೊರಬಿದ್ದ ಅಧ್ಯಾಯ

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 2022ರಲ್ಲಿ ಪಠ್ಯದ ಹೊರೆ ಇಳಿಸುವ ಪರಿಷ್ಕರಣೆ ನಡೆಸಿತು. ಕೊರೊನಾ ಕಾಲದಲ್ಲಿ ಮಕ್ಕಳ ಕಲಿಕೆ ಹಿಂದೆ ಬಿದ್ದದ್ದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಆಗ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ಅಧ್ಯಾಯದ ಹೆಸರಿನಲ್ಲಿ ಉಳಿದದ್ದು ಅನುವಂಶೀಯತೆ ಮಾತ್ರ. ಹನ್ನೊಂದನೆಯ ತರಗತಿಯ ಜಗತ್ತಿನ ಇತಿಹಾಸದ ಪುಸ್ತಕದಲ್ಲಿ ಆದಿಮಾನವರ ವಿಕಾಸ, ಅವರ ಆಹಾರ, ವಸತಿ, ಉಪಕರಣಗಳನ್ನು ಕುರಿತಿದ್ದ ಮೊದಲ ಅಧ್ಯಾಯವೂ ಅದೇ ಪರಿಷ್ಕರಣೆಯಲ್ಲಿ ಹೊರಬಿತ್ತು.

2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಹಾಗೂ ವಿಜ್ಞಾನಾಸಕ್ತರು ಬಹಿರಂಗ ಪತ್ರದ ಮೂಲಕ ಇದನ್ನು ಆಕ್ಷೇಪಿಸಿದರು. ವಿಕಾಸದ ಪಾಠ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬುದು ಸಮರ್ಥನೆಯಾಗಿತ್ತು. ಅದು ನಿಜವೇ. ಆದರೆ ಹತ್ತನೆಯ ತರಗತಿಯ ನಂತರ ವಾಣಿಜ್ಯ, ಕಲೆ ಅಥವಾ ತಾಂತ್ರಿಕ ಶಿಕ್ಷಣದತ್ತ ಹೊರಳುವ ವಿದ್ಯಾರ್ಥಿಗೆ ಆ ಪುಸ್ತಕ ತೆರೆಯುವ ಸಂದರ್ಭವೇ ಬರುವುದಿಲ್ಲ. ಎಲ್ಲರಿಗೂ ಸೇರಬೇಕಾದ ತಿಳಿವಳಿಕೆ ಕೆಲವರ ಐಚ್ಛಿಕ ವಿಷಯವಾಗಿಬಿಡುತ್ತದೆ ಎಂಬುದು ಆಕ್ಷೇಪದ ತಿರುಳು.

ಇದಕ್ಕೆ ಹಿನ್ನೆಲೆಯೂ ಇತ್ತು. 2018ರ ಜನವರಿಯಲ್ಲಿ ಅಂದಿನ ಕೇಂದ್ರ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ವಾನರ ಮಾನವನಾದುದನ್ನು ಯಾರೂ ಕಂಡಿಲ್ಲ ಎಂಬ ಅರ್ಥದ ಮಾತನಾಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ನೀಡಿ ಅದನ್ನು ಅಲ್ಲಗಳೆಯಬೇಕಾಯಿತು.

‘ಮಂಗನಿಂದ ಮಾನವ’ ಎಂಬ ಜನಪ್ರಿಯ ಮಾತೇ ಅರ್ಧ ಗೊಂದಲಕ್ಕೆ ಕಾರಣ. ಇಂದು ಮರದ ಮೇಲಿರುವ ಮಂಗ ಮನುಷ್ಯನ ಅಜ್ಜನೆಂದು ವಿಜ್ಞಾನ ಎಂದೂ ಹೇಳಿಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಸಮಾನ ಪೂರ್ವಜನೊಬ್ಬನಿದ್ದ; ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಆ ವಂಶ ಕವಲೊಡೆಯಿತು ಎಂಬುದು ಪಳೆಯುಳಿಕೆ ಮತ್ತು ವಂಶವಾಹಿ ಎರಡರ ಸಾಕ್ಷ್ಯವೂ ತೋರುವ ದಾರಿ. ಅಲ್ಲಿಂದ ಮುಂದಿನದು ಏಣಿಯಂತೆ ನೇರವಾಗಿ ಏರಿದ ಪ್ರಯಾಣವಲ್ಲ, ಹಲವು ಕೊಂಬೆಗಳ ಮರ. ಇಥಿಯೋಪಿಯದಲ್ಲಿ 1974ರಲ್ಲಿ ದೊರೆತ ‘ಲೂಸಿ’ 32 ಲಕ್ಷ ವರ್ಷಗಳ ಹಿಂದೆಯೇ ಎರಡು ಕಾಲುಗಳ ಮೇಲೆ ನಡೆಯುತ್ತಿದ್ದಳು; ಅವಳ ಮಿದುಳು ಮಾತ್ರ ಇನ್ನೂ ಚಿಂಪಾಂಜಿಯ ಮಿದುಳಿನ ಆಸುಪಾಸಿನಲ್ಲಿತ್ತು. ನಡಿಗೆ ಮೊದಲು ಬಂತು, ಬುದ್ಧಿ ಬೆಳೆದದ್ದು ಬಹಳ ತಡವಾಗಿ. ಈ ಮರದ ಒಂದು ಕೊಂಬೆ ಕೃಷ್ಣಾ ತೀರದ ಕಡೆಗೂ ಚಾಚಿತ್ತು ಎಂಬುದು ಕನ್ನಡಿಗರಲ್ಲಿ ಬಹುಮಂದಿಗೆ ತಿಳಿಯದ ಸಂಗತಿ.

ಇಸಾಂಪುರದಲ್ಲಿ ಸಿಕ್ಕಿದ್ದೇನು?

ಭಾರತದ ಹಳೆಯ ಶಿಲಾಯುಗದ ಅಧ್ಯಯನ ಆರಂಭವಾದದ್ದು 1863ರ ಮೇ 30ರಂದು. ಭೂಗರ್ಭ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಆಯುಧವೊಂದನ್ನು ಗುರುತಿಸಿದ. ಡಾರ್ವಿನ್ನನ ಪ್ರಸಿದ್ಧ ಗ್ರಂಥ ಪ್ರಕಟವಾಗಿ ಆಗಿನ್ನೂ ನಾಲ್ಕು ವರ್ಷ. ಮುಂದೆ ಫೂಟ್ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ, ರಾಯಚೂರು–ಬಳ್ಳಾರಿ ಸೀಮೆಗಳಲ್ಲಿ ಸುತ್ತಾಡಿ ಶಿಲಾಯುಗದ ಕುರುಹುಗಳನ್ನು ದಾಖಲಿಸಿದ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸುರಪುರ ಸೀಮೆಗೆ ಜಗತ್ತಿನ ಪ್ರಾಕ್ತನ ಭೂಪಟದಲ್ಲಿ ಸ್ಥಾನ ದೊರಕಿಸಿಕೊಟ್ಟವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ. 1960ರ ದಶಕದಲ್ಲಿ ಈ ಭಾಗಕ್ಕೆ ಬಂದ ಅವರು ದಶಕಗಳ ಕಾಲ ಇಲ್ಲಿಯ ಹಳ್ಳ–ದಿಣ್ಣೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಸುಮಾರು 500 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ‘ಅಶೂಲಿಯನ್’ ಸಂಸ್ಕೃತಿಗೆ ಸೇರಿದ ಸುಮಾರು 200 ನೆಲೆಗಳು ಬೆಳಕಿಗೆ ಬಂದವು. ಕೈಗೊಡಲಿ ಮತ್ತು ಅಗಲ ಬಾಯಿಯ ಸೀಳುಗತ್ತಿಗಳು ಈ ಸಂಸ್ಕೃತಿಯ ಗುರುತು. ಒಂದೇ ಸೀಮೆಯಲ್ಲಿ ಇಷ್ಟು ನೆಲೆಗಳು ಒತ್ತೊತ್ತಾಗಿ ಉಳಿದಿರುವ ಉದಾಹರಣೆ ಅಪರೂಪ. ಪದ್ದಯ್ಯ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು.

ಈ ನೆಲೆಗಳಲ್ಲಿ ಇಸಾಂಪುರದ್ದು ವಿಶೇಷ. 1983ರಲ್ಲಿ ಪತ್ತೆಯಾಗಿ, 1990ರ ದಶಕದ ಕೊನೆಯಲ್ಲಿ ಉತ್ಖನನಗೊಂಡ ಈ ಜಾಗ ಆದಿಮಾನವರ ಕಲ್ಲುಗಣಿ ಹಾಗೂ ಆಯುಧ ತಯಾರಿಕೆಯ ಕಮ್ಮಟ. ಅಲ್ಲಿ ಪದರುಪದರಾಗಿ ಬಿರುಕು ಬಿಟ್ಟ ಗಟ್ಟಿ ಸುಣ್ಣಕಲ್ಲಿನ ಹಾಸು ಇದೆ. ಅದರಿಂದ ತಕ್ಕ ದಪ್ಪದ ಚಪ್ಪಡಿಗಳನ್ನು ಆರಿಸಿ ಎಬ್ಬಿಸಲಾಗಿದೆ. ಬೇರೆ ಜಾತಿಯ ಗಟ್ಟಿ ಕಲ್ಲುಗಳನ್ನು ಸುತ್ತಿಗೆಯಾಗಿ ಬಳಸಿ ದೊಡ್ಡ ಚಕ್ಕೆಗಳನ್ನು ಎಬ್ಬಿಸಿ, ಆ ಚಕ್ಕೆಗಳ ಅಂಚನ್ನು ತಿದ್ದಿ ಕೊಡಲಿ, ಸೀಳುಗತ್ತಿ, ಚಾಕುಗಳನ್ನು ಮಾಡಲಾಗಿದೆ. ಕೆಲಸದ ಪ್ರತಿಯೊಂದು ಹಂತದ ಕುರುಹೂ ಅಲ್ಲೇ ಬಿದ್ದಿದೆ: ಎಬ್ಬಿಸಿದ ಚಪ್ಪಡಿ, ಒಡೆದ ತುಣುಕು, ಅರ್ಧಕ್ಕೆ ಬಿಟ್ಟ ಆಯುಧ, ಸುತ್ತಿಗೆಗಲ್ಲು. ಕುಶಲಕರ್ಮಿಗಳು ಊಟಕ್ಕೆಂದು ಎದ್ದು ಹೋದ ಕಾರ್ಖಾನೆಯಂತೆ!

ಈ ಕೆಲಸ ನಡೆದದ್ದು ಯಾವಾಗ? ಈ ಕಣಿವೆಗಳ ಬೇರೆ ನೆಲೆಗಳಲ್ಲಿ ಸಿಕ್ಕ ಪ್ರಾಣಿ ಪಳೆಯುಳಿಕೆಗಳಿಗೆ ಯುರೇನಿಯಂ ಆಧಾರಿತ ವಿಧಾನದಿಂದ ಮೊದಲು ದೊರೆತಿದ್ದ ವಯಸ್ಸು ಹೆಚ್ಚೆಂದರೆ ಸುಮಾರು 2.9 ಲಕ್ಷ ವರ್ಷ. ಆದರೆ ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲ್ ಅನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಿದಾಗ ಬಂದ ಅಂದಾಜು 12.7 ಲಕ್ಷ ವರ್ಷ. 1.7 ಲಕ್ಷ ವರ್ಷ ಅತ್ತ ಇತ್ತ ಆಗಬಹುದಾದ ಈ ಲೆಕ್ಕ 2002ರ ಸುಮಾರಿಗೆ ಪ್ರಕಟವಾದಾಗ, ಭಾರತಕ್ಕೆ ಮಾನವ ಬಂದದ್ದು ತೀರ ತಡವಾಗಿ ಎಂಬ ಅದುವರೆಗಿನ ನಂಬಿಕೆ ಅಲುಗಾಡಿತು. 2011ರಲ್ಲಿ ಚೆನ್ನೈ ಸಮೀಪದ ಅತ್ತಿರಾಂಪಾಕ್ಕಂನಿಂದ ಮತ್ತಷ್ಟು ಬಲ ಬಂತು. ಶಾಂತಿ ಪಪ್ಪು ಅವರ ತಂಡ ಬೇರೆಯೇ ವಿಧಾನಗಳನ್ನು ಬಳಸಿ ಅಲ್ಲಿಯ ಆಯುಧಗಳ ಕಾಲ ಕನಿಷ್ಠ 10 ಲಕ್ಷ ವರ್ಷಗಳಿಗೂ ಹಿಂದಿನದೆಂದು, ಸರಾಸರಿ 15 ಲಕ್ಷ ವರ್ಷವೆಂದು ತೋರಿಸಿತು. ದಕ್ಷಿಣ ಭಾರತ ಮಾನವ ವಿಕಾಸದ ಕಥೆಯಲ್ಲಿ ಹಿತ್ತಿಲಲ್ಲ, ನಡುಮನೆ ಎಂಬುದು ಅಲ್ಲಿಗೆ ಖಚಿತವಾಯಿತು.

ಮಳೆಗಾಲದಲ್ಲಿ ಚದುರಿ, ಬೇಸಿಗೆಯಲ್ಲಿ ಕೂಡಿ

ಬುದ್ಧಿಗೇಡಿಗಳನ್ನು ‘ಆದಿಮಾನವ’ ಎಂದು ಹಂಗಿಸುವ ರೂಢಿ ನಗರಗಳಲ್ಲಿದೆ. ಹುಣಸಗಿಯ ಸಾಕ್ಷ್ಯ ಆ ಹಂಗಿಸುವಿಕೆಗೆ ತಕ್ಕ ಉತ್ತರ. ಇಲ್ಲಿಯ ನೆಲೆಗಳ ಹಂಚಿಕೆಯನ್ನು ನೀರಿನ ಲಭ್ಯತೆಯೊಂದಿಗೆ ಹೋಲಿಸಿ ಪದ್ದಯ್ಯ ಅವರು ಬದುಕಿನ ಒಂದು ಋತುಚಕ್ರವನ್ನೇ ಕಟ್ಟಿಕೊಟ್ಟಿದ್ದಾರೆ. ಅದರಂತೆ, ಮಳೆಗಾಲದಲ್ಲಿ ಕಣಿವೆಯ ತುಂಬ ಅಲ್ಲಲ್ಲಿ ನೀರು ನಿಲ್ಲುತ್ತಿತ್ತು. ಗೆಡ್ಡೆ, ಹಣ್ಣು, ಸೊಪ್ಪು, ಸಣ್ಣ ಪ್ರಾಣಿಗಳು ಎಲ್ಲೆಡೆ ಸಿಗುತ್ತಿದ್ದವು. ಆಗ ಜನ ಸಣ್ಣ ಸಣ್ಣ ಗುಂಪುಗಳಾಗಿ ಚದುರಿ ಬದುಕುತ್ತಿದ್ದರು. ಬೇಸಿಗೆ ಬಂದು ಹಳ್ಳಗಳು ಬತ್ತಿದಾಗ, ಗುಡ್ಡದ ಬುಡದಿಂದ ಒರತೆ ಜಿನುಗುವ ಕೆಲವೇ ತಾಣಗಳಲ್ಲಿ ನೀರು ಉಳಿಯುತ್ತಿತ್ತು. ನೀರನ್ನರಸಿ ಪ್ರಾಣಿಗಳೂ ಅಲ್ಲಿಗೇ ಬರುತ್ತಿದ್ದವು. ಚದುರಿದ ಗುಂಪುಗಳೆಲ್ಲ ಅಂಥ ಒರತೆಗಳ ಸುತ್ತ ಕೂಡುತ್ತಿದ್ದವು. ದೊಡ್ಡ ಬೇಟೆ ಆಗಿನ ಆಹಾರ.

ಇದು ಪುರಾವೆಗಳನ್ನು ಜೋಡಿಸಿ ಮಾಡಿದ ಊಹೆ ನಿಜ. ಆದರೂ ಅದರ ಹಿಂದಿನ ಮನುಷ್ಯನನ್ನು ಗಮನಿಸಬೇಕು. ಯಾವ ಕಲ್ಲು ಒಡೆದರೆ ಹರಿತ ಅಂಚು ಬರುತ್ತದೆ, ಅದನ್ನು ಒಡೆಯಲು ಯಾವ ಕಲ್ಲು ಬೇಕು, ಯಾವ ತಿಂಗಳಲ್ಲಿ ಯಾವ ಹಳ್ಳದಲ್ಲಿ ನೀರಿರುತ್ತದೆ ಎಂಬ ತಿಳಿವಳಿಕೆ ಅವನಿಗಿತ್ತು. ಅದನ್ನು ಮಕ್ಕಳಿಗೆ ದಾಟಿಸುವ ಬಗೆಯೂ ಇತ್ತು. ಇಲ್ಲದಿದ್ದರೆ ಅದೇ ಮಾದರಿಯ ಕೊಡಲಿ ಸಾವಿರಾರು ತಲೆಮಾರುಗಳವರೆಗೆ ಮುಂದುವರಿಯುತ್ತಿರಲಿಲ್ಲ. ಬರ ಬಿದ್ದಾಗ ನೀರಿರುವ ಕಡೆಗೆ ಗುಳೆ ಹೊರಡುವ ಈ ಸೀಮೆಯ ಜನರ ಪಾಡಿನಲ್ಲಿ ಆ ಹಳೆಯ ಲೆಕ್ಕಾಚಾರದ ನೆರಳು ಕಂಡರೆ ಅಚ್ಚರಿಯಿಲ್ಲ.

ಆ ಜನ ಯಾರು? ಇಸಾಂಪುರದಲ್ಲಿ ಮನುಷ್ಯರ ಮೂಳೆ ಸಿಕ್ಕಿಲ್ಲ. ಕಾಲಮಾನ ಮತ್ತು ಆಯುಧಗಳ ರೀತಿ ನೋಡಿ ಅವರು ‘ಹೋಮೋ ಎರೆಕ್ಟಸ್’ ಇಲ್ಲವೆ ಅದಕ್ಕೆ ಹತ್ತಿರದ ಮಾನವರೆಂದು ಭಾವಿಸಲಾಗಿದೆ. ಮಧ್ಯಪ್ರದೇಶದ ನರ್ಮದಾ ತೀರದ ಹಥ್ನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ಪ್ರಾಚೀನ ಮಾನವನೊಬ್ಬನ ತಲೆಬುರುಡೆಯ ಭಾಗ ದೊರೆತಿತ್ತು. ಅದು ಯಾವ ಜಾತಿಯದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಡೀ ದೇಶದಲ್ಲಿ ಮೂಳೆಯ ಸಾಕ್ಷ್ಯ ಇಷ್ಟು ವಿರಳವಾಗಿರುವುದರಿಂದಲೇ ಕಲ್ಲು ಮತ್ತು ಅದು ಕುಳಿತ ಮಣ್ಣಿನ ಬೆಲೆ ಹೆಚ್ಚುತ್ತದೆ.

ಬದಲಾಗುತ್ತಿರುವ ವಂಶವೃಕ್ಷ

ಕಳೆದ ಎರಡು ದಶಕಗಳಲ್ಲಿ ಈ ಶಾಸ್ತ್ರದ ಚಹರೆಯೇ ಬದಲಾಗಿದೆ. 2017ರಲ್ಲಿ ಮೊರಾಕೊದ ಜೆಬೆಲ್ ಇರ್ಹೂದ್‌ನ ಪಳೆಯುಳಿಕೆಗಳ ಮರುಪರಿಶೀಲನೆ ನಮ್ಮದೇ ಜಾತಿಯಾದ ‘ಹೋಮೋ ಸೇಪಿಯನ್ಸ್’ನ ವಯಸ್ಸನ್ನು 3 ಲಕ್ಷ ವರ್ಷಕ್ಕೆ ಒಯ್ದಿತು. ಸೈಬೀರಿಯದ ಗುಹೆಯೊಂದರಲ್ಲಿ ಸಿಕ್ಕ ಬೆರಳಿನ ಮೂಳೆಯ ಚೂರಿನಿಂದ 2010ರಲ್ಲಿ ‘ಡೆನಿಸೋವನ್’ ಎಂಬ ಹೊಸ ಮಾನವ ಕುಲದ ಪರಿಚಯವಾಯಿತು. ಈ ಬಗೆಯ ಸಂಶೋಧನೆಗೆ ಅಡಿಪಾಯ ಹಾಕಿದ ಸ್ವಾಂಟೆ ಪೇಬೋ ಅವರಿಗೆ 2022ರ ವೈದ್ಯಕೀಯ ನೊಬೆಲ್ ಸಂದಿತು. 2025ರ ಜೂನ್‌ನಲ್ಲಿ ಚೀನಾದ ಹಾರ್ಬಿನ್ ನಗರದಲ್ಲಿ ಸಿಕ್ಕಿದ್ದ ತಲೆಬುರುಡೆಯೊಂದು ಡೆನಿಸೋವನ್ನರದೇ ಎಂದು ತಿಳಿದುಬಂದು, ಅದುವರೆಗೆ ಮುಖವಿಲ್ಲದ ಆ ಕುಲಕ್ಕೆ ಮುಖ ಸಿಕ್ಕಿತು.

ಅದೇ ವರ್ಷ 2,700ಕ್ಕೂ ಹೆಚ್ಚು ಭಾರತೀಯರ ವಂಶವಾಹಿಯ ಅಧ್ಯಯನ ಪ್ರಕಟವಾಯಿತು. ಇಂದಿನ ಭಾರತೀಯರ ವಂಶದ ಬಹುಪಾಲು ಸುಮಾರು 50 ಸಾವಿರ ವರ್ಷಗಳ ಹಿಂದೆ ಆಫ್ರಿಕದಿಂದ ಹೊರಟ ಒಂದೇ ವಲಸೆಗೆ ಸೇರಿದ್ದೆಂದೂ, ನಿಯಾಂಡರ್ತಾಲ್ ಮಾನವರ ಅಂಶ ಭಾರತೀಯರಲ್ಲಿ ಅತ್ಯಂತ ವೈವಿಧ್ಯದಿಂದ ಕೂಡಿದೆಯೆಂದೂ ಅದು ತೋರಿಸಿತು. ಹಾಗಿದ್ದರೆ ಅದಕ್ಕೂ ಮುಂಚೆ ಇಲ್ಲಿದ್ದವರ ಗತಿಯೇನಾಯಿತು? ಆಗ ಕರ್ನೂಲು ಜಿಲ್ಲೆಯಲ್ಲಿದ್ದ ಜ್ವಾಲಾಪುರಂನಲ್ಲಿ, ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಕಾರಿದ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳಿರುವುದನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ 2007ರಲ್ಲಿ ಪ್ರಕಟಿಸಿತ್ತು. ಆ ಆಯುಧಗಳನ್ನು ಮಾಡಿದ ಕೈ ಸೇಪಿಯನ್ಸರದೋ ಅವರಿಗಿಂತ ಹಳಬರದೋ ಎಂಬುದು ಇನ್ನೂ ವಿವಾದದ ವಿಷಯ. ಉತ್ತರ ಅಡಗಿರುವುದು ದಕ್ಷಿಣ ಭಾರತದ ಮಣ್ಣಿನಲ್ಲೇ.

ಕಲ್ಲು ಕದಲಿದರೆ ಮಾತು ನಿಲ್ಲುತ್ತದೆ

ಇಲ್ಲಿಯೇ ಅಸಲಿ ಆತಂಕವಿರುವುದು. ಹಿಂದೆ ಸುಂದರ ಆಯುಧವನ್ನು ಆಯ್ದು ಪೆಟ್ಟಿಗೆಗೆ ಹಾಕಿದರೆ ಸಂಶೋಧನೆ ಮುಗಿಯುತ್ತಿತ್ತು. ಇಂದಿನ ಕಾಲನಿರ್ಣಯ ವಿಧಾನಗಳಿಗೆ ಕಲ್ಲಿಗಿಂತ ಅದರ ಸುತ್ತಲಿನ ಮಣ್ಣು ಮುಖ್ಯ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಎಂದು, ಈ ಪದರ ಹೂತುಹೋಗಿ ಎಷ್ಟು ಕಾಲವಾಯಿತು ಎಂಬುದನ್ನು ಅಳೆಯಲು ಪದರ ಕದಡದೆ ಇರಬೇಕು. ಇಸಾಂಪುರದ 12.7 ಲಕ್ಷ ವರ್ಷದ ಲೆಕ್ಕವನ್ನು ಇನ್ನೊಂದು ವಿಧಾನದಿಂದ ಒರೆಗೆ ಹಚ್ಚಬೇಕಾದರೂ ಬೇಕಾದದ್ದು ಅಂಥ ಅಖಂಡ ಪದರವೇ. ಜಾಗ ಬಿಟ್ಟು ಕದಲಿದ ಕೊಡಲಿ ಅಂದವಾದ ಕಲ್ಲಾಗಿ ಉಳಿಯುತ್ತದೆಯೇ ಹೊರತು ಸಾಕ್ಷಿಯಾಗಿ ಉಳಿಯುವುದಿಲ್ಲ.

ಕದಲುವುದಕ್ಕೆ ಕಾರಣಗಳು ಹಲವು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಈ ಸೀಮೆಗೆ ನೀರು ತಂದಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ಒಣ ನೆಲ ಭತ್ತದ ಗದ್ದೆಯಾಯಿತು. ಭತ್ತಕ್ಕೆ ಸಮತಟ್ಟು ನೆಲ ಬೇಕು. ದಿಣ್ಣೆ ಕಡಿದು ತಗ್ಗು ತುಂಬಬೇಕು. ಎತ್ತಿನ ನೇಗಿಲು ಒಂದು ಗೇಣು ಕೆದಕುತ್ತಿದ್ದಲ್ಲಿ ಯಂತ್ರ ಮಾರುದ್ದ ಅಗೆಯುತ್ತದೆ. ಲಕ್ಷ ವರ್ಷಗಳ ಪದರ ಒಂದು ಮಧ್ಯಾಹ್ನದಲ್ಲಿ ತಲೆಕೆಳಗಾಗಲು ಅಷ್ಟು ಸಾಕು. ಇದಕ್ಕಾಗಿ ರೈತನನ್ನು ದೂರುವುದು ಅನ್ಯಾಯ. ತಲೆತಲಾಂತರದಿಂದ ಬರ ಕಂಡ ನೆಲಕ್ಕೆ ನೀರು ಬಂದಾಗ ಅವನು ಗದ್ದೆ ಮಾಡದೆ ಇರಲಾರ. ತನ್ನ ಹೊಲದಲ್ಲಿ ಏನಿದೆಯೆಂದು ಅವನಿಗೆ ತಿಳಿಸಬೇಕಾಗಿದ್ದವರು ತಿಳಿಸಿಲ್ಲ ಎಂಬುದೇ ಸತ್ಯ.

ಕಾನೂನಿನ ಸ್ವರೂಪವೂ ಇದಕ್ಕೆ ಹೊಂದುವುದಿಲ್ಲ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಸ್ಮಾರಕಗಳ ಜೊತೆಗೆ ಪ್ರಾಕ್ತನ ನೆಲೆಗಳನ್ನೂ ರಕ್ಷಿಸಲು ಅವಕಾಶ ಕೊಡುತ್ತವೆ. ಆದರೆ ಆಚರಣೆಯಲ್ಲಿ ರಕ್ಷಣೆಯೆಂದರೆ ಗುಡಿ, ಕೋಟೆ, ಬಸದಿ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಂದು ದೇವಾಲಯಕ್ಕೆ ಈ ಅಳತೆ ಸರಿ. 500 ಚದರ ಕಿಲೋಮೀಟರ್ ಸಾಗುವಳಿ ಭೂಮಿಯಲ್ಲಿ ಚದುರಿದ 200 ನೆಲೆಗಳಿಗೆ ಅದನ್ನು ಅನ್ವಯಿಸಿದರೆ ಊರುಗಳೇ ಎದ್ದು ನಿಲ್ಲುತ್ತವೆ. ಅನ್ವಯಿಸದಿದ್ದರೆ ನೆಲೆಗಳು ಉಳಿಯುವುದಿಲ್ಲ. ಈ ಎರಡರ ನಡುವಣ ದಾರಿಯನ್ನು ಹುಡುಕುವ ಕೆಲಸ ಆಗಿಲ್ಲ.

ದಾರಿಗಳಿಲ್ಲವೆಂದಲ್ಲ

ಫ್ರಾನ್ಸ್ 2001ರಲ್ಲಿ ಕಾನೂನು ಮಾಡಿ, ನಿರ್ಮಾಣ ಕಾಮಗಾರಿಗೆ ಮುನ್ನ ಅಗತ್ಯವಿದ್ದಲ್ಲಿ ಪ್ರಾಕ್ತನ ತಪಾಸಣೆ ನಡೆಸುವುದಕ್ಕೆಂದೇ ಸಂಸ್ಥೆ ಕಟ್ಟಿತು. ಅಲ್ಲಿಯ ತತ್ವ ಸರಳ: ಅಭಿವೃದ್ಧಿಯನ್ನು ತಡೆಯುವುದು ಬೇಡ, ಮಣ್ಣು ಅಗೆಯುವ ಮೊದಲು ಓದಿಕೊಳ್ಳೋಣ. ಹುಣಸಗಿ ಕಣಿವೆಗೂ ಇದು ಅಸಾಧ್ಯವಲ್ಲ. ದಾಖಲಾಗಿರುವ ನೆಲೆಗಳನ್ನು ಸರ್ವೆ ನಂಬರ್ ಸಹಿತ ಗುರುತಿಸಿ ಕಂದಾಯ, ನೀರಾವರಿ ಮತ್ತು ಗಣಿ ಇಲಾಖೆಗಳ ಕೈಗೆ ಕೊಟ್ಟರೆ ಕಾಲುವೆ ತೋಡುವ ಮುನ್ನ, ಗಣಿ ಪರವಾನಗಿ ಕೊಡುವ ಮುನ್ನ ಒಮ್ಮೆ ನೋಡಲು ಅನುಕೂಲವಾಗುತ್ತದೆ. ಅತಿ ಮುಖ್ಯವಾದ ನಾಲ್ಕೈದು ಜಾಗಗಳನ್ನು ರೈತರಿಗೆ ನ್ಯಾಯವಾದ ಪರಿಹಾರ ಕೊಟ್ಟು ಪಡೆಯಬಹುದು. ಉಳಿದೆಡೆ ನೆಲ ಮಟ್ಟ ಮಾಡುವ ಮೊದಲು ತಜ್ಞರು ಬಂದು ದಾಖಲಿಸಿಕೊಂಡು ಹೋದರೂ ದೊಡ್ಡ ಉಪಕಾರ.

ಮಾದರಿ ರಾಜ್ಯದೊಳಗೇ ಇದೆ. ಕ್ರಿಸ್ತಪೂರ್ವ 3000ದ ಸುಮಾರಿಗೆ ಬೇಸಾಯ, ಪಶುಪಾಲನೆಗೆ ಇಳಿದ ನವಶಿಲಾಯುಗದ ಜನರ ನೆಲೆಯಾದ ಬಳ್ಳಾರಿಯ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳು ಕಲ್ಲುಗಣಿಯಿಂದ ಅಪಾಯಕ್ಕೆ ಸಿಲುಕಿದಾಗ ವಿದ್ವಾಂಸರು ದನಿಯೆತ್ತಿದರು. ಮುಂದೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲಿ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ರೂಪುಗೊಂಡಿತು. ಶಾಲೆಯ ಮಗುವೊಂದು ಅಲ್ಲಿ ತನ್ನ ಊರಿನ ಗುಡ್ಡದ ಕಲ್ಗೊಡಲಿಯನ್ನು ನೋಡಬಲ್ಲದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೊದ ಸಂಭಾವ್ಯ ಪಟ್ಟಿ ಸೇರಿದವು. ಕಣ್ಣಿಗೆ ಕಾಣುವ ಶಿಲಾ ಸಮಾಧಿಗೆ ಸಿಕ್ಕ ಗೌರವ, ಮಣ್ಣಿನಲ್ಲಿ ಅಡಗಿದ ಕೊಡಲಿಗೂ ಸಿಗಬೇಕಾಗಿದೆ.

ಪಠ್ಯ ಮತ್ತು ನೆಲ ಎರಡೂ ಒಂದಕ್ಕೊಂದು ಆಸರೆ. ವಿಕಾಸದ ಪಾಠ ಕೇಳದೆ ಬೆಳೆದ ಮಗುವಿಗೆ ನಾಳೆ ಹೊಲದಲ್ಲಿ ಸಿಕ್ಕ ಕೈಗೊಡಲಿ ಬರೀ ಕಲ್ಲಾಗಿಯೇ ಕಾಣುತ್ತದೆ. ಕೈಗೊಡಲಿಯನ್ನೇ ಕಾಣದ ಮಗುವಿಗೆ ವಿಕಾಸದ ಪಾಠ ಆಫ್ರಿಕದ ದೂರದ ಕಥೆಯಾಗಿ ಉಳಿಯುತ್ತದೆ. ಯಾದಗಿರಿಯ ಪ್ರೌಢಶಾಲೆಯೊಂದರ ಮಕ್ಕಳನ್ನು ಒಂದು ದಿನ ಇಸಾಂಪುರದ ಹೊಲಕ್ಕೆ ಕರೆದೊಯ್ದರೆ ಎರಡೂ ಕೊರತೆ ಒಟ್ಟಿಗೆ ನೀಗುತ್ತವೆ; ಅದಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಕಾಗಿಲ್ಲ.

ಹಂಪೆಯ ಒಂದು ಕಂಬ ಉರುಳಿದರೆ ಸುದ್ದಿಯಾಗುತ್ತದೆ, ಮತ್ತೆ ನಿಲ್ಲಿಸಲೂಬಹುದು. ಸುರಪುರ ಸೀಮೆಯ ಎರೆಮಣ್ಣಿನ ಕೆಳಗಿನ ಪದರ ಒಮ್ಮೆ ಕದಡಿದರೆ ಸದ್ದಾಗುವುದಿಲ್ಲ, ಮತ್ತೆ ಕೂಡಿಸಲೂ ಆಗುವುದಿಲ್ಲ. 12 ಲಕ್ಷ ವರ್ಷ ಮಳೆ, ಬಿಸಿಲು, ನೆರೆಗಳನ್ನು ತಾಳಿಕೊಂಡು ಬಂದ ಸಾಕ್ಷ್ಯವನ್ನು ಇನ್ನೊಂದು ತಲೆಮಾರಿಗಾದರೂ ದಾಟಿಸುವುದು ಈಗಿನವರ ಕೈಯಲ್ಲಿದೆ.